ಮಗಳಿಗೊಂದು ಪತ್ರ: ಚಿತ್ರ 2ರ ಕೆಳಗಿನ ಸಾಲು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ನಿನ್ನ ಪ್ರಬಂಧದ ಚಾಪ್ಟರ್ ಎರಡು ಸಲ ಓದಿದೆ. ಬರವಣಿಗೆ ಇಷ್ಟವಾಯಿತು. ಆದರೆ ಎರಡು ಸಲವೂ ಚಿತ್ರ 2ರ ಹತ್ತಿರ ನಿಂತುಬಿಟ್ಟೆ.

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಎಲ್ಲೆಲ್ಲಿ ಜನ ಸತ್ತರು ಅಂತ ತೋರಿಸುವ, ಡಾಕ್ಟರ್ ಜಾನ್ ಸ್ನೋ ಅವರ ನಕ್ಷೆ ಅದು. ಕೆಳಗೆ 'ಸ್ನೋ, 1855' ಅಂತ ಬರೆದಿದ್ದೀಯ. ನಿನ್ನ ಚಿತ್ರದಲ್ಲಿ ಇರುವುದು ಚುಕ್ಕಿಗಳು. ಸ್ನೋ ಚುಕ್ಕಿ ಇಟ್ಟಿರಲಿಲ್ಲ. ಒಂದು ಸಾವಿಗೆ ಒಂದು ಗಿಡ್ಡ ಕಪ್ಪು ಗೆರೆ. ಒಂದೇ ಮನೆಯಲ್ಲಿ ನಾಲ್ಕು ಜನ ಸತ್ತಿದ್ದರೆ ನಾಲ್ಕು ಗೆರೆ, ಒಂದರ ಪಕ್ಕ ಒಂದು ಪೇರಿಸಿದ ಹಾಗೆ. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಆ ಗೆರೆಗಳು ಒತ್ತೊತ್ತಾಗಿವೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಚುಕ್ಕಿಯ ನಕ್ಷೆ ಆಮೇಲಿನವರು ಬಿಡಿಸಿದ್ದು. ನೀನು ನೋಡಿದ್ದು ಅದನ್ನೇ ಅಂದಮೇಲೆ ಅವರ ಹೆಸರೂ ಇರಬೇಕು ಅಲ್ವಾ? ಸ್ನೋ ಹೆಸರೊಂದೇ ಸಾಕು ಅನ್ನುವುದಾದರೆ ಸ್ನೋ ಅವರ 1855ರ ಪುಸ್ತಕದ ನಕ್ಷೆಯನ್ನೇ ಹುಡುಕಿ ಹಾಕು.

ಚಿತ್ರ 4ಕ್ಕೆ 'ಆಕರ: ಗೂಗಲ್' ಅಂತಿದೆ. ಗೂಗಲ್ ದಾರಿ ತೋರಿಸಿತು, ಅಷ್ಟೇ. ಆ ಚಿತ್ರ ಮೊದಲು ಯಾವ ಲೇಖನದಲ್ಲಿ ಬಂತೋ ಅಲ್ಲಿಯವರೆಗೂ ಹೋಗು.

ಗ್ರಾಫ್ 3ರ ಕೆಳಗೆ ಏನೂ ಇಲ್ಲ. 'ನಾನೇ ಎಕ್ಸೆಲ್‌ನಲ್ಲಿ ಮಾಡಿದ್ದು ಅಮ್ಮ' ಅನ್ನುತ್ತೀಯ, ಗೊತ್ತು. ಗ್ರಾಫ್ ನಿನ್ನದು, ಒಪ್ಪಿದೆ. ಅಂಕಿ ಯಾರದು? ಯಾರೋ ಮನೆಮನೆಗೆ ಹೋಗಿ, ಕೇಳಿ, ಬರೆದುಕೊಂಡು ತಂದದ್ದು. 'ಇಂಥವರ ಅಂಕಿಅಂಶದಿಂದ ಲೇಖಕಿ ರಚಿಸಿದ ಗ್ರಾಫ್' ಅಂತ ಒಂದು ಸಾಲು ಸೇರಿಸು. ಬೇರೆಯವರ ಟೇಬಲ್‌ನಿಂದ ಎರಡು ಕಾಲಂ ಮಾತ್ರ ತೆಗೆದುಕೊಂಡಿದ್ದರೂ 'ಬದಲಾಯಿಸಿ ಬಳಸಿದೆ' ಅಂತ ಹೇಳಲೇಬೇಕು. ಸುಮ್ನೆ ಹೆಸರು ಮಾತ್ರ ಹಾಕಿದರೆ ಓದುವವರು ಅವರ ಟೇಬಲ್ಲೇ ಹಾಗಿತ್ತು ಅಂದುಕೊಳ್ಳುತ್ತಾರೆ.

ಸಂಖ್ಯೆ, ಶೀರ್ಷಿಕೆ ಎಲ್ಲಿ ಬರಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಪ್ರಬಂಧ ಬರೆಯುವ ಪದ್ಧತಿಗಳಲ್ಲಿ ಒಂದಾದ ಎಪಿಎ (APA) 7ನೇ ಆವೃತ್ತಿಯಲ್ಲಿ ಟೇಬಲ್‌ಗೂ ಚಿತ್ರಕ್ಕೂ ಎರಡೂ ಮೇಲೆ, ಆಕರ ಕೆಳಗೆ. ಇನ್ನೊಂದು ಪದ್ಧತಿಯಾದ ಎಂಎಲ್‌ಎ (MLA)ಯಲ್ಲಿ ಟೇಬಲ್‌ಗೆ ಮೇಲೆ, ಚಿತ್ರಕ್ಕೆ ಕೆಳಗೆ. ನಿನ್ನ ಗೈಡ್ ಯಾವುದು ಹೇಳುತ್ತಾರೋ ಅದು. 'ಕೆಳಗಿನ ಚಿತ್ರ ನೋಡಿ' ಅಂತ ಮಾತ್ರ ಬರೆಯಬೇಡ, ಪುಟ ಸರಿದರೆ ಚಿತ್ರ ಇನ್ನೆಲ್ಲೋ ಹೋಗಿರುತ್ತದೆ. 'ಚಿತ್ರ 2' ಅಂತಲೇ ಬರೆ.

ಮುಂದೆ ಇದು ಪುಸ್ತಕವಾದರೆ ಹೆಸರು ಹಾಕಿದರಷ್ಟೇ ಸಾಲದು, ಹಕ್ಕು ಇರುವವರ ಅನುಮತಿಯೂ ಬೇಕಾಗಬಹುದು. ಅದಕ್ಕೆ ಪತ್ರ ಬರೆಯುವಾಗ ನಾನೂ ಜೊತೆಗೆ ಕೂರುತ್ತೇನೆ.

ಸ್ನೋ ನಕ್ಷೆ ಸಿಕ್ಕ ತಕ್ಷಣ ನನಗೂ ಕಳಿಸು. ದೊಡ್ಡದು ಮಾಡಿ ಆ ಗೆರೆಗಳನ್ನು ಇನ್ನೊಮ್ಮೆ ನೋಡಬೇಕು.

ನಿನ್ನ
ಅಮ್ಮ