ಒಂಬತ್ತನೆಯ ತರಗತಿಯ ಲ್ಯಾಟಿನ್ ಓದಿನ ಬಗ್ಗೆ ಪೋಷಕರಿಗೆ

ಮಾನ್ಯ ಪೋಷಕರೆ,

ನಮಸ್ಕಾರ. ಒಂಬತ್ತನೆಯ ತರಗತಿಯ ಮಕ್ಕಳು ಮನೆಯಲ್ಲಿ ಏನೋ ಅರ್ಥವಾಗದ ಭಾಷೆಯನ್ನು ಗುನುಗುತ್ತಿದ್ದಾರೆಂದೂ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಇರುವಾಗ ಇದೆಲ್ಲ ಬೇಕೇ ಎಂದೂ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಆ ಭಾಷೆ ಲ್ಯಾಟಿನ್. ಶನಿವಾರ ಒಂದೇ ಒಂದು ಅವಧಿ. ಪರೀಕ್ಷೆಯಿಲ್ಲ, ಅಂಕವಿಲ್ಲ, ಶುಲ್ಕವೂ ಇಲ್ಲ. ಮಕ್ಕಳನ್ನು ಲ್ಯಾಟಿನ್ ಪಂಡಿತರನ್ನಾಗಿಸುವ ಹುಚ್ಚು ನಮಗಿಲ್ಲ. ಪ್ರಾಚೀನ ರೋಮಿನ ಜನ ತಾವೇ ಬರೆದಿಟ್ಟ ನಾಲ್ಕೈದು ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಕೊಡುತ್ತೇವೆ, ಪಕ್ಕದಲ್ಲಿ ಪದಗಳ ಅರ್ಥ ಇರುತ್ತದೆ. ವಾಕ್ಯವನ್ನು ಬಿಡಿಸುವುದು, ಆ ಸಮಾಜ ಹೇಗಿತ್ತೆಂದು ಊಹಿಸುವುದು ಮಕ್ಕಳ ಕೆಲಸ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೈ ನಗರದ ಗೋಡೆಬರಹಗಳಿಂದ ಆರಂಭಿಸಿದೆವು. 'ಗೋಡೆಯೇ, ಇಷ್ಟೊಂದು ಜನರ ಬೇಸರದ ಬರಹ ಹೊತ್ತೂ ನೀನಿನ್ನೂ ಬಿದ್ದಿಲ್ಲವಲ್ಲ' ಎಂದು ಒಬ್ಬ ಅದೇ ಗೋಡೆಯ ಮೇಲೆ ಗೀಚಿದ್ದಾನೆ. ಚುನಾವಣೆಯ ಬರಹಗಳಂತೂ ಸಾವಿರಾರು. ವಾಟಿಯಾ ಎಂಬ ಅಭ್ಯರ್ಥಿಯನ್ನು ಬೀದಿ, ಸಂತೆಗಳ ಉಸ್ತುವಾರಿಯ ಹುದ್ದೆಗೆ ಆರಿಸಿರೆಂದು ಒಂದು ಕಡೆ 'ತಡರಾತ್ರಿ ಕುಡಿಯುವವರೆಲ್ಲರೂ', ಇನ್ನೊಂದು ಕಡೆ 'ಚಿಲ್ಲರೆ ಕಳ್ಳರು' ಕೋರಿದ್ದಾರೆ! ಇದು ಎದುರಾಳಿಗಳ ಕುಚೋದ್ಯವೋ ಗೆಳೆಯರ ತಮಾಷೆಯೋ ಎಂದು ತರಗತಿಯಲ್ಲಿ ಜಗಳವೇ ನಡೆಯಿತು. ಮತದಾನದ ಹಕ್ಕಿಲ್ಲದ ಹೆಂಗಸರ ಹೆಸರಿನಲ್ಲಿಯೂ ಇಂಥವನನ್ನು ಗೆಲ್ಲಿಸಿ ಎಂಬ ಬರಹಗಳಿವೆ. ಮಕ್ಕಳಿಗೆ ತೋರಿಸಲಾಗದ ಬರಹಗಳೂ ಆ ಗೋಡೆಗಳಲ್ಲಿ ಧಾರಾಳವಾಗಿವೆ. ಅವುಗಳನ್ನು ಆರಿಸಿಲ್ಲ, ಗಾಬರಿಯಾಗಬೇಡಿ.

ಆಮೇಲೆ ಕ್ರಿ.ಪೂ. ಎರಡನೆಯ ಶತಮಾನದ ಒಂದು ಸಮಾಧಿ ಶಾಸನ ಓದಿದೆವು. ಕ್ಲಾಡಿಯಾ ಎಂಬ ಹೆಂಗಸಿನದು. ದಾರಿಹೋಕನನ್ನು ನಿಲ್ಲಿಸಿ ಅದು ಹೇಳುವುದಿಷ್ಟು: ಗಂಡನನ್ನು ಮನಸಾರೆ ಪ್ರೀತಿಸಿದಳು, ಇಬ್ಬರು ಗಂಡುಮಕ್ಕಳನ್ನು ಹೆತ್ತಳು, ಒಬ್ಬನನ್ನು ಭೂಮಿಯ ಮೇಲೆ ಬಿಟ್ಟಳು, ಒಬ್ಬನನ್ನು ಮಣ್ಣಿಗಿಟ್ಟಳು, ಮಾತು ಸೊಗಸು, ನಡೆ ಗಂಭೀರ, ಮನೆ ನೋಡಿಕೊಂಡಳು, ಉಣ್ಣೆ ನೂತಳು. 'ಹೇಳಿಯಾಯಿತು, ಹೋಗು.' ಒಬ್ಬ ಹುಡುಗಿ ಇದನ್ನು ಕನ್ನಡಕ್ಕೆ ಇಳಿಸಿ, ಕೆಳಗೆ ಪೆನ್ಸಿಲಿನಲ್ಲಿ 'ಅವಳಿಗೆ ಏನು ಇಷ್ಟವಿತ್ತು ಎಂದು ಯಾರೂ ಬರೆದಿಲ್ಲ' ಎಂದು ಸೇರಿಸಿದ್ದಳು. ರೋಮಿನ ಹೆಂಗಸರ ಸ್ಥಾನಮಾನದ ಬಗ್ಗೆ ನಾವು ಎರಡು ಪುಟ ಟಿಪ್ಪಣಿ ಬರೆಸಿದ್ದರೂ ಈ ಸಾಲು ಬರುತ್ತಿರಲಿಲ್ಲ.

ಇನ್ನು ಗುಲಾಮಗಿರಿಯ ಪಾಠ. ಹೆಚ್ಚು ಫೋನ್ ಬಂದದ್ದು ಇದರ ಬಗ್ಗೆಯೇ. ರೋಮಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಬ್ಬಿಣದ ಕೊರಳಪಟ್ಟಿ ಇದೆ, ಅದಕ್ಕೊಂದು ಕಂಚಿನ ಬಿಲ್ಲೆ. ಬಿಲ್ಲೆಯ ಮೇಲೆ: 'ಓಡಿಬಂದಿದ್ದೇನೆ, ನನ್ನನ್ನು ಹಿಡಿ. ನನ್ನೊಡೆಯ ಜೊನಿನಸ್‌ಗೆ ಮರಳಿ ಒಪ್ಪಿಸಿದರೆ ಒಂದು ಚಿನ್ನದ ನಾಣ್ಯ ಸಿಗುತ್ತದೆ.' ಕೊರಳಲ್ಲಿದ್ದವನ ಹೆಸರಿಲ್ಲ, ಒಡೆಯನದ್ದಿದೆ. ಅದರ ಜೊತೆಗೇ ರೋಮಿನ ತತ್ತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲೂಸಿಲಿಯಸ್‌ಗೆ ಬರೆದ ಪತ್ರದ ತುಣುಕು ಓದಿದೆವು: 'ಸೆರ್ವಿ ಸುಂತ್. ಇಮ್ಮೊ ಹೊಮಿನೆಸ್.' ಅವರು ಗುಲಾಮರು, ಅಲ್ಲ, ಮನುಷ್ಯರು.

ಅಲ್ಲಿಗೇ ನಿಲ್ಲಿಸಿದ್ದರೆ ಪಾಠ ಸುಖಾಂತವಾಗುತ್ತಿತ್ತು. ನಿಲ್ಲಿಸಲಿಲ್ಲ. ಕ್ರಿ.ಶ. 61ರಲ್ಲಿ ರೋಮ್ ನಗರಾಧಿಪತಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಹಳೆಯ ಪದ್ಧತಿಯಂತೆ ಆ ಮನೆಯ 400 ಗುಲಾಮರಿಗೂ ಸಾವೇ ಶಿಕ್ಷೆ. ಜನ ಕಲ್ಲು, ಪಂಜು ಹಿಡಿದು ಪ್ರತಿಭಟಿಸಿದರು. ಚಕ್ರವರ್ತಿ ನೀರೊ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ ಶಿಕ್ಷೆ ಜಾರಿ ಮಾಡಿಸಿದ. ಹೇಳಿದವನು ಇತಿಹಾಸಕಾರ ಟ್ಯಾಸಿಟಸ್. ಆಗ ನೀರೊನ ಸಲಹೆಗಾರನಾಗಿದ್ದ ಸೆನೆಕಾ ಏನು ಮಾಡಿದ ಎಂದು ಮಕ್ಕಳು ಕೇಳಿದರು. ಈ ಶಿಕ್ಷೆಯ ಬಗ್ಗೆ ಸೆನೆಟ್ ಎಂಬ ಆಡಳಿತ ಸಭೆಯಲ್ಲಿ ನಡೆದ ಚರ್ಚೆಯ ವಿವರದಲ್ಲಿ ಟ್ಯಾಸಿಟಸ್ ಅವನ ಹೆಸರೇ ಎತ್ತುವುದಿಲ್ಲ. ಸೆನೆಕಾ ಭಾರಿ ಶ್ರೀಮಂತ, ತಾನೂ ಗುಲಾಮರನ್ನು ಇಟ್ಟುಕೊಂಡಿದ್ದವನು. ಅವರನ್ನು ಚೆನ್ನಾಗಿ ನಡೆಸಿಕೊಳ್ಳಿ ಎಂದನೇ ಹೊರತು ಬಿಡುಗಡೆ ಮಾಡಿ ಎಂದು ಆ ಪತ್ರದಲ್ಲಿ ಹೇಳಿಲ್ಲ.

ಮಗ ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ ಎಂದು ಒಬ್ಬ ತಾಯಿ ಹೇಳಿದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೂ ಈ ಪಾಠವನ್ನು ಕೈಬಿಡುವುದಿಲ್ಲ. ಅಮೃತಶಿಲೆಯ ಕಂಬಗಳನ್ನೂ ನೇರ ರಸ್ತೆಗಳನ್ನೂ ತೋರಿಸಿ, ಅವುಗಳ ಹಿಂದೆ ಯಾರ ದುಡಿಮೆ ಇತ್ತೆಂದು ಮುಚ್ಚಿಡುವುದು ಹದಿನಾಲ್ಕು ವರ್ಷದ ಮಕ್ಕಳಿಗೆ ಮಾಡುವ ಮೋಸ. ಪಾಠ ಕಷ್ಟವೆನಿಸಿದ ಮಕ್ಕಳು ಇತಿಹಾಸ ಶಿಕ್ಷಕಿಯ ಬಳಿ ಮಾತನಾಡಬಹುದು. ಬೇಡವೆನಿಸಿದರೆ ಆ ಅವಧಿಯಲ್ಲಿ ಗ್ರಂಥಾಲಯದಲ್ಲಿ ಕೂರಬಹುದು.

ನಮ್ಮ ಕಡೆಯ ಒಂದು ಕೊಂಡಿಯೂ ಇದೆ. ಭಾರತದೊಂದಿಗಿನ ವ್ಯಾಪಾರಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಹರಿದುಹೋಗುತ್ತಿದೆ ಎಂದು ರೋಮನ್ ಲೇಖಕ ಹಿರಿಯ ಪ್ಲಿನಿ ಗೊಣಗುತ್ತಾನೆ. ಕಾಳುಮೆಣಸಿನಲ್ಲಿ ಖಾರ ಬಿಟ್ಟರೆ ಮೆಚ್ಚುವಂಥದ್ದೇನಿದೆ, ಅಷ್ಟಕ್ಕಾಗಿ ಭಾರತದವರೆಗೆ ಹೋಗಬೇಕೇ ಎಂದು ಅವನ ತಕರಾರು. ಅಂಗಳದಲ್ಲಿ ಮೆಣಸು ಒಣಗಿಸುವ ಮನೆಗಳ ಮಕ್ಕಳಿಗೆ ಇದು ಬಹಳ ಹಿಡಿಸಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಲ್ಲಿಗೆ ಒಂದು ದಿನದ ಪ್ರವಾಸ ಹೋಗುವ ಯೋಚನೆಯಿದೆ. ವಿವರ ಮತ್ತು ಒಪ್ಪಿಗೆ ಪತ್ರವನ್ನು ಬೇರೆಯಾಗಿ ಕಳುಹಿಸುತ್ತೇವೆ.

ಶನಿವಾರದ ಅವಧಿಗೆ ನೀವೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು, ಹಿಂದಿನ ದಿನ ಕಚೇರಿಗೆ ತಿಳಿಸಿದರೆ ಸಾಕು. ಮುಂದಿನ ಪಾಠ ಬ್ರಿಟನ್ನಿನ ವಿಂಡೊಲಾಂಡಾ ಸೈನಿಕ ಶಿಬಿರದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 100ರ ಮರದ ಹಲಗೆಯ ಪತ್ರ: ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದದ್ದು. ಈ ಸಲ ಯಾರೂ ಊಟ ಬಿಡುವ ಭಯವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ