ಮಗುವನ್ನು ತಿರುಗಿಸುವ ವಾರ ಕೈತಪ್ಪುತ್ತಿದೆ

ಮಾನ್ಯರೇ,

ಸಿಸೇರಿಯನ್ ಹೆರಿಗೆಗಳು ಹೆಚ್ಚುತ್ತಿರುವ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚರ್ಚೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್. ದೇಶದ ಸರಾಸರಿ 21.5. ಬೈಗುಳವೆಲ್ಲ ಖಾಸಗಿ ಆಸ್ಪತ್ರೆಗಳ ಪಾಲಿಗೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸರ್ಕಾರಿ ಹೆರಿಗೆ ವಾರ್ಡಿನಲ್ಲೇ ದುಡಿದು ನಿವೃತ್ತಳಾದ ನನಗೆ ಬೇರೊಂದು ಕಾರಣವೂ ಕಂಡಿದೆ. ಅದಕ್ಕೂ ದುಡ್ಡಿಗೂ ಸಂಬಂಧವಿಲ್ಲ, ಕ್ಯಾಲೆಂಡರಿಗೆ ಸಂಬಂಧವಿದೆ.

ದಿನ ತುಂಬಿದ ಬಸುರಿಯರಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಯ ಮಗು ತಲೆ ಮೇಲೆ, ಬುಡ ಅಥವಾ ಕಾಲು ಕೆಳಗೆ ಮಾಡಿಕೊಂಡಿರುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಬ್ರೀಚ್ ಎನ್ನುತ್ತಾರೆ. ಹಿಂದೆ ಇಂಥ ಹೆರಿಗೆಗಳನ್ನು ಸಹಜವಾಗಿಯೇ ಮಾಡಿಸುತ್ತಿದ್ದರು. 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಅಧ್ಯಯನವೊಂದು 2000ನೇ ಇಸವಿಯಲ್ಲಿ ಪ್ರಕಟವಾಗಿ, ಇಂಥ ಮಗುವಿಗೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ ಹೆಚ್ಚು ಸುರಕ್ಷಿತ ಎಂದಿತು. ಆಮೇಲೆ ಜಗತ್ತಿನೆಲ್ಲೆಡೆ ಹೆಚ್ಚಿನ ವೈದ್ಯರು ಆ ಹೆರಿಗೆಯ ಗೋಜಿಗೇ ಹೋಗಲಿಲ್ಲ. ಕೈ ಪಳಗಿಸಿಕೊಳ್ಳಲು ಅವಕಾಶವಿಲ್ಲದ ಹೊಸ ಪೀಳಿಗೆಯ ವೈದ್ಯರಿಗೆ ಧೈರ್ಯವಾದರೂ ಎಲ್ಲಿಂದ ಬರಬೇಕು? ಹೀಗಾಗಿ ಬ್ರೀಚ್ ಎಂದರೆ ಸಿಸೇರಿಯನ್ ಎಂದೇ ಆಗಿದೆ. ಚೊಚ್ಚಲಿಗೆ ಹೊಟ್ಟೆ ಕೊಯ್ದರೆ ಎರಡನೆಯದಕ್ಕೂ ಬಹುಮಟ್ಟಿಗೆ ಅದೇ ಗತಿ.

ಇದರ ನಡುವೆ ಇನ್ನೊಂದು ದಾರಿ ಇದೆ. ಹೊಟ್ಟೆಯ ಮೇಲಿಂದಲೇ ಕೈಯಿಟ್ಟು, ಮಗುವಿನ ಬುಡವನ್ನು ಸೊಂಟದ ಮೂಳೆಗೂಡಿನಿಂದ ಮೆಲ್ಲಗೆ ಮೇಲೆತ್ತಿ, ಇನ್ನೊಂದು ಕೈಯಿಂದ ತಲೆಯನ್ನು ನಡೆಸಿ, ಲಾಗ ಹಾಕಿಸಿದ ಹಾಗೆ ತಿರುಗಿಸುವುದು. ವೈದ್ಯರ ಬಾಯಲ್ಲಿ ಇದು ಇ.ಸಿ.ವಿ. ಕೆಲವೇ ನಿಮಿಷಗಳ ಕೆಲಸ, ಆದರೆ ಸಿದ್ಧತೆ ಬೇಕು. ಮೊದಲು ಸ್ಕ್ಯಾನಿಂಗ್ ಮಾಡಿ ಮಗು ಹೇಗೆ ಮಲಗಿದೆ, ಮಾಸು ಎಲ್ಲಿದೆ, ನೀರು ಎಷ್ಟಿದೆ ಎಂದು ನೋಡಬೇಕು. ಮಗುವಿನ ಎದೆಬಡಿತವನ್ನು ಮೊದಲೂ ಆಮೇಲೂ ಯಂತ್ರದಲ್ಲಿ ಅಳೆಯಬೇಕು. ಗರ್ಭಕೋಶ ಸಡಿಲಾಗಲು ಒಂದು ಇಂಜೆಕ್ಷನ್ ಕೊಟ್ಟರೆ ತಿರುಗುವ ಸಾಧ್ಯತೆ ಹೆಚ್ಚು. ತಾಯಿಯದು ನೆಗೆಟಿವ್ ರಕ್ತವಾದರೆ ಆಂಟಿ-ಡಿ ಎಂಬ ಇಂಜೆಕ್ಷನ್ ಬೇಕು. ಆಪರೇಷನ್ ಥಿಯೇಟರ್ ಕೂಗಳತೆಯಲ್ಲಿರಬೇಕು. ಮಾಸು ಗರ್ಭದ್ವಾರಕ್ಕೆ ಅಡ್ಡವಾಗಿದ್ದರೆ, ಅವಳಿ ಇದ್ದರೆ, ನೀರು ಒಡೆದಿದ್ದರೆ, ರಕ್ತ ಹೋಗುತ್ತಿದ್ದರೆ ಮುಟ್ಟುವಂತಿಲ್ಲ. ಒಟ್ಟಾರೆ ಎರಡರಲ್ಲೊಂದು ಮಗು ತಿರುಗುತ್ತದೆ. ಚೊಚ್ಚಲಿಗೆ ಕಡಿಮೆ, ಒಮ್ಮೆ ಹೆತ್ತವರಿಗೆ ಹೆಚ್ಚು. ತುರ್ತಾಗಿ ಸಿಸೇರಿಯನ್ ಮಾಡಬೇಕಾಗಿ ಬರುವುದು ಸುಮಾರು ಇನ್ನೂರಕ್ಕೊಂದು.

ಎಲ್ಲಕ್ಕಿಂತ ಮುಖ್ಯ, ಯಾವಾಗ ತಿರುಗಿಸಬೇಕು ಎಂಬುದು. ಏಳನೇ ತಿಂಗಳಲ್ಲಿ ನೀರು ಹೆಚ್ಚು, ಮಗು ಸಣ್ಣದು, ಸಲೀಸಾಗಿ ತಿರುಗೀತು. ಆದರೆ ಅಷ್ಟೇ ಸಲೀಸಾಗಿ ಹಿಂದಕ್ಕೂ ತಿರುಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಹೊತ್ತಿನಲ್ಲಿ ಮಾಸು ಬಿಟ್ಟುಕೊಂಡರೆ ಅಥವಾ ಎದೆಬಡಿತ ಕುಸಿದರೆ ದಿನ ತುಂಬದ ಮಗುವನ್ನು ಹೊರತೆಗೆಯಬೇಕಾಗುತ್ತದೆ. ತೀರ ತಡವಾದರೆ ಬುಡ ಸೊಂಟದ ಮೂಳೆಗೂಡಿನಲ್ಲಿ ಕೂತುಬಿಡುತ್ತದೆ, ಅಲುಗದು. 34–35 ವಾರಕ್ಕೇ ತಿರುಗಿಸಿದರೆ ಲಾಭವೇ ಎಂದು 21 ದೇಶಗಳಲ್ಲಿ ಒಂದೂವರೆ ಸಾವಿರ ಬಸುರಿಯರಲ್ಲಿ ಪರೀಕ್ಷಿಸಿ ನೋಡಿದರು. 2011ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಬೇಗ ಮಾಡಿದಾಗ ಹೆಚ್ಚು ಮಕ್ಕಳು ತಿರುಗಿದವು ನಿಜ, ಆದರೆ ಸಿಸೇರಿಯನ್ ಗಣನೀಯವಾಗಿ ಇಳಿಯಲಿಲ್ಲ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ತುಸು ಹೆಚ್ಚಬಹುದೆಂಬ ಸಂಶಯವೂ ಉಳಿಯಿತು. ಬ್ರಿಟನ್ನಿನ ವೈದ್ಯರು ಚೊಚ್ಚಲಿಗೆ 36ನೇ ವಾರದಿಂದ, ಒಮ್ಮೆ ಹೆತ್ತವರಿಗೆ 37ರಿಂದ ಎನ್ನುತ್ತಾರೆ. ಅಮೆರಿಕದವರು ಎಲ್ಲರಿಗೂ 37. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಮೇಲೆ. ಡಾಕ್ಟರು ಕೊಟ್ಟ ತಾರೀಖಿಗೆ ಮೂರು ನಾಲ್ಕು ವಾರ ಮುಂಚೆ.

ನಮ್ಮ ಕಡೆ ಆ ವಾರಗಳಲ್ಲಿ ಬಸುರಿ ಎಲ್ಲಿರುತ್ತಾಳೆ? ಸೀಮಂತ ಮುಗಿಸಿಕೊಂಡು ಬಾಣಂತನಕ್ಕೆ ತವರಿಗೆ ಹೊರಟಿರುತ್ತಾಳೆ! ಬೆಂಗಳೂರಲ್ಲಿ ತೋರಿಸಿಕೊಳ್ಳುತ್ತಿದ್ದವಳು ಹೊಳೆನರಸೀಪುರಕ್ಕೋ ಸಿಂಧನೂರಿಗೋ ಬರುತ್ತಾಳೆ. 32ನೇ ವಾರದ ಸ್ಕ್ಯಾನಿಂಗ್ ವರದಿಯಲ್ಲಿ ಬ್ರೀಚ್ ಎಂದಿರುತ್ತದೆ. ‘ಇನ್ನೂ ಟೈಮಿದೆ, ತಿರುಗುತ್ತೆ ಬಿಡಮ್ಮ’ ಎಂದು ಅಲ್ಲಿನವರು ಹೇಳಿರುತ್ತಾರೆ. ಅವರ ಮಾತು ಸರಿಯೇ, ಆ ಹೊತ್ತಿಗೆ ಬ್ರೀಚ್ ಇರುವ ಹೆಚ್ಚಿನ ಮಕ್ಕಳು ತಾವಾಗಿ ತಿರುಗುತ್ತವೆ. ಆದರೆ ತಿರುಗಿತೇ ಎಂದು 36ಕ್ಕೆ ನೋಡಬೇಕಾದವರು ಯಾರು? ಹಳೆ ಆಸ್ಪತ್ರೆಯ ಲೆಕ್ಕದಿಂದ ಅವಳು ಹೋಗಿಯಾಗಿದೆ, ಹೊಸ ಆಸ್ಪತ್ರೆಗೆ ಇನ್ನೂ ಬಂದಿಲ್ಲ. ಬರುವುದು 38ಕ್ಕೋ, ನೋವು ಶುರುವಾದ ಮೇಲೋ. ನೀರು ಒಡೆದುಕೊಂಡು ಬಂದವರ ಹೊಟ್ಟೆ ಮುಟ್ಟಿ, ಪಕ್ಕೆಲುಬಿನ ಕೆಳಗೆ ಗಟ್ಟಿ ತಲೆ ಕೈಗೆ ಸಿಕ್ಕಾಗ ಥಿಯೇಟರಿಗೆ ಹೇಳಿಕಳಿಸದೆ ಬೇರೆ ದಾರಿಯಿರಲಿಲ್ಲ.

ತವರಿಗೆ ಹೋಗಬೇಡಿ ಎನ್ನಲು ನಾನು ಯಾರು? ಹೋಗಲಿ, ಆದರೆ ಹೋದ ವಾರವೇ ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡಿನಲ್ಲಿ ಮಗುವಿನ ಸ್ಥಾನ ಬರೆಯಲು ಜಾಗವಿದೆ. ಅದನ್ನು ಹಿಂದಿನ ಸಲದ್ದು ನೋಡಿ ನಕಲು ಹೊಡೆಯದೆ, ಹೊಟ್ಟೆ ಮುಟ್ಟಿ ಬರೆಯಬೇಕು. (ಈ ಮಾತು ನನ್ನ ಸಹೋದ್ಯೋಗಿಗಳಿಗೆ ಕಹಿಯಾಗಬಹುದು.) ‘ಒದೆಯೋದೆಲ್ಲ ಕೆಳಗೇ ಸಿಸ್ಟರ್, ಮೇಲೆ ಏನೋ ಗಟ್ಟಿ ಒತ್ತುತ್ತೆ’ ಎಂದು ಬಸುರಿಯೇ ಹೇಳುತ್ತಾಳೆ. ಕೇಳಿಸಿಕೊಂಡು ಒಮ್ಮೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು.

ಹಳ್ಳಿಗಳಲ್ಲಿ ಹೊಟ್ಟೆ ನೀವಿಸಿ ಮಗು ತಿರುಗಿಸಿಕೊಳ್ಳುವುದು ಈಗಲೂ ಉಂಟು, ಅದೂ ಏಳೆಂಟು ತಿಂಗಳಿಗೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅಂಥವರ ಕೈಯ ಅರಿವಿಗೆ ನನ್ನ ನಮಸ್ಕಾರವಿದೆ. ಆದರೆ ಕೈ ಎಷ್ಟೇ ಪಳಗಿದ್ದರೂ ಮಾಸು ಎಲ್ಲಿದೆ, ಒಳಗೆ ಎದೆಬಡಿತ ಏನಾಗುತ್ತಿದೆ ಎಂಬುದು ಅದಕ್ಕೆ ತಿಳಿಯದು. ಎಣ್ಣೆ ಹಚ್ಚಿ ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಇನ್ನು ಮುಹೂರ್ತದ ಸಿಸೇರಿಯನ್. ‘ಹೇಗೂ ಕೊಯ್ಯೋದು ತಾನೆ, ಒಳ್ಳೆ ನಕ್ಷತ್ರಕ್ಕೆ ಮಾಡಿ’ ಎಂದು 37ನೇ ವಾರಕ್ಕೇ ದಿನ ಗೊತ್ತುಮಾಡಿಸುವ ಮನೆಯವರನ್ನು ಬೇಕಾದಷ್ಟು ನೋಡಿದ್ದೇನೆ. ತುರ್ತು ಕಾರಣ ಇಲ್ಲದಿದ್ದರೆ 39ರವರೆಗೆ ಕಾಯುವುದೇ ಮಗುವಿನ ಉಸಿರಾಟಕ್ಕೆ ಒಳ್ಳೆಯದು. 36 ದಾಟಿದ ಮೇಲೂ ಕೆಲವು ಮಕ್ಕಳು ತಾವಾಗಿ ತಿರುಗುವುದರಿಂದ, ಆಪರೇಷನ್ ದಿನ ಬೆಳಿಗ್ಗೆ ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿಯೇ ಒಳಗೆ ಕರೆದೊಯ್ಯಬೇಕು.

ವೈದ್ಯರ ಕಷ್ಟವೂ ನನಗೆ ಗೊತ್ತು. ಹೊರಗೆ ಸಾಲು ನಿಂತಿರುವಾಗ ಒಬ್ಬಳಿಗಾಗಿ ಎರಡು ಗಂಟೆ ಮೀಸಲಿಡುವುದು ಸುಲಭವಲ್ಲ. ಅರ್ಧದಷ್ಟು ಸಲ ಫಲ ಕೊಡದ ಕೆಲಸವಿದು, ಏನಾದರೂ ಆದರೆ ಸಂಬಂಧಿಕರು ಮೈಮೇಲೆ ಬೀಳುತ್ತಾರೆ. ಹಾಗಾಗಿ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದು ನಡೆಯಲಿ ಎಂದು ನಾನು ಕೇಳುವುದಿಲ್ಲ. ಥಿಯೇಟರ್, ಅರಿವಳಿಕೆ ತಜ್ಞರು, ಶಿಶುವೈದ್ಯರು ಇರುವ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ವಾರಕ್ಕೊಂದು ದಿನ ಇದಕ್ಕೆಂದೇ ಗೊತ್ತುಮಾಡಲಿ; ಆ ದಿನ ಯಾವುದು, ಯಾರನ್ನು ಕಾಣಬೇಕು ಎಂಬುದನ್ನು ಆರೋಗ್ಯ ಇಲಾಖೆ ಆಶಾ ಕಾರ್ಯಕರ್ತೆಯರಿಗೆ ತಿಳಿಸಲಿ. ತವರಿಗೆ ಬಂದಿಳಿದ ಬಸುರಿಯ ಮನೆಗೆ ಮೊದಲು ಹೋಗುವವರು ಅವರೇ.

— ನಿವೃತ್ತ ಶುಶ್ರೂಷಕಿ, ಹಾಸನ ಜಿಲ್ಲೆ