ಈ ವಯಸ್ಸಿನಲ್ಲೊಬ್ಬ ಹೊಸ ಗಾಯಕ

ಪ್ರಿಯ ಓದುಗರೆ,

ಈ ಚಳಿಗಾಲ ಪೂರ್ತಿ ನಾನು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತಿದ್ದೇನೆ. ಕಾರಿನಲ್ಲಿ, ಅಡುಗೆ ಮಾಡುವಾಗ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ. ಅವರ ಹೆಸರು ನಮಗೆಲ್ಲ ಗೊತ್ತಿರುವುದೇ. ಧಾರವಾಡದ ಹತ್ತಿರದ ಮನ್ಸೂರಿನವರು, ದೊಡ್ಡ ಹಿಂದೂಸ್ತಾನಿ ಗಾಯಕರು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಹೆಸರು ಗೊತ್ತಿರುವುದು ಬೇರೆ, ಆ ದನಿ ನಮ್ಮೊಳಗೆ ಬಂದು ಕೂರುವುದು ಬೇರೆ. ನಮ್ಮ ಸಂಘದ ಸದಸ್ಯರೊಬ್ಬರು ಒಂದು ಸಂಜೆ ಅವರ ಬಸಂತಿ ಕೇದಾರ್ ರಾಗದ ರೆಕಾರ್ಡಿಂಗ್ ಕಳಿಸಿ, "ಸುಮ್ನೆ ಒಂದ್ಸಲ ಕೇಳಿ" ಎಂದರು. ಅಂದಿನಿಂದ ನನಗೆ ಹೊಸ ಗಾಯಕರೊಬ್ಬರು ಸಿಕ್ಕಿದ್ದಾರೆ. ಈ ಸಲದ ಸಂಪಾದಕೀಯದಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಸುದ್ದಿ ನನ್ನ ಹತ್ತಿರ ಇಲ್ಲ.

ಮೊದಲು ಹಿಡಿದು ನಿಲ್ಲಿಸಿದ್ದು ಅವರು ಹಾಡು ಶುರು ಮಾಡುವ ರೀತಿ. ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರವಾದ ಖಯಾಲ್ ಎಂದರೆ ನಿಧಾನವಾದ ಆಲಾಪ, ತುಂಬಾ ಹೊತ್ತಿನ ತಯಾರಿ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿರುತ್ತಾರೆ. ಮನ್ಸೂರರು ಹಾಗೆ ಕಾಯಿಸುವುದಿಲ್ಲ. ಷಡ್ಜ ಹಿಡಿದು ಒಂದೆರಡು ಸಲ ರಾಗದ ಮುಖ ತೋರಿಸುತ್ತಾರೆ, ನೇರವಾಗಿ ಬಂದಿಶ್‌ಗೆ, ಅಂದರೆ ತಾಳಕ್ಕೆ ಕೂರಿಸಿದ ಹಾಡಿಗೆ, ಇಳಿದುಬಿಡುತ್ತಾರೆ. ತಬಲಾ ಬೇಗನೆ ಜೊತೆಗೂಡುತ್ತದೆ. ಲಯ ತೀರಾ ನಿಧಾನವೂ ಅಲ್ಲ, ಅವಸರದ್ದೂ ಅಲ್ಲ. ಅಲ್ಲಿಂದ ಮುಂದೆ ಉಸಿರು ಬಿಡಲು ಪುರುಸೊತ್ತಿಲ್ಲ! ಬಸಂತಿ ಕೇದಾರ್ ಎನ್ನುವುದು ಬಸಂತ್ ಮತ್ತು ಕೇದಾರ್ ಎರಡೂ ಸೇರಿದ ಜೋಡ್ ರಾಗ. ಈಗ ಬಸಂತ್ ಎನ್ನುವಷ್ಟರಲ್ಲಿ ಅದು ಕೇದಾರ್ ಆಗಿರುತ್ತದೆ. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ನನಗೆ ಇನ್ನೂ ಆಗುವುದಿಲ್ಲ. ಅದನ್ನು ಹುಡುಕುತ್ತಾ ಮತ್ತೆ ಮೊದಲಿನಿಂದ ಹಾಕುತ್ತೇನೆ.

ಹೀಗೆ ಮತ್ತೆ ಮತ್ತೆ ಹಾಕಿಕೊಳ್ಳುವುದರಲ್ಲೇ ಅರ್ಧ ಸುಖ ಇದೆ. ಉದಾಹರಣೆಗೆ, ತೀನ್‌ತಾಲ ಎನ್ನುವ ತಾಳ ಎಂದರೆ 16 ಮಾತ್ರೆಗಳ, ಅಂದರೆ 16 ಎಣಿಕೆಗಳ, ಆವರ್ತ. ಗಾಯಕ ಎಲ್ಲೆಲ್ಲೋ ತಿರುಗಾಡಿ ಕೊನೆಗೆ ಹಾಡಿನ ಮುಖಡಾ, ಅಂದರೆ ಅದರ ಮೊದಲ ತುಣುಕು, ಹಿಡಿದು ಮೊದಲ ಮಾತ್ರೆಗೆ, ಅಂದರೆ ಸಮಕ್ಕೆ, ಬಂದು ಸೇರಬೇಕು. ಮೊದಲ ಸಲ ಕೇಳುವಾಗ ಸಮ ಬಂದದ್ದೇ ತಿಳಿಯುವುದಿಲ್ಲ. ಎರಡು ಮೂರು ಸಲ ಕೇಳಿದ ಮೇಲೆ ಕಿವಿ ಅದಕ್ಕಾಗಿ ಕಾಯಲು ಕಲಿಯುತ್ತದೆ. ಮನ್ಸೂರರ ತಾನ್, ಅಂದರೆ ವೇಗದ ಸ್ವರಗಳ ಸರಣಿ, ಸುತ್ತಿ ಬಳಸಿ ಹೋಗುತ್ತಿರುವಾಗ "ಇವರು ಇನ್ನು ಸಮಕ್ಕೆ ಬರುವುದು ಹೇಗೆ?" ಎಂದು ಎದೆ ಹಿಡಿದು ಕೂತಿರುತ್ತೇವೆ. ಅವರು ಎಲ್ಲೋ ಒಂದು ಸಂದಿಯಿಂದ ನುಸುಳಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆಗ ಬಾಯಿಂದ ತಾನಾಗಿಯೇ "ಆಹಾ" ಬರುತ್ತದೆ, ಅಲ್ವಾ?

ಈ ಕಾಯುವಿಕೆಯ ಬಗ್ಗೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಗೆ ಮೈ ಜುಮ್ಮೆನಿಸುವ ಸಂಗೀತವನ್ನು ಕೇಳುತ್ತಿರುವವರ ಮಿದುಳನ್ನು ಅವರು ಸ್ಕ್ಯಾನ್ ಮಾಡಿ ನೋಡಿದ್ದರು. ಆ ಹೊತ್ತಿನಲ್ಲಿ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುತ್ತದೆ. ಇಷ್ಟವಾದ ಘಳಿಗೆ ಬಂದಾಗ ಮಾತ್ರ ಅಲ್ಲ, ಅದು ಬರುವುದಕ್ಕೆ ಸ್ವಲ್ಪ ಮುಂಚೆಯೂ. ಕಾಯುವಾಗ ಮಿದುಳಿನ ಒಂದು ಭಾಗ, ತಲುಪಿದಾಗ ಇನ್ನೊಂದು ಭಾಗ. ಸಮದ ಮುಂಚಿನ ಆ ಎರಡು ಕ್ಷಣಗಳು ಯಾಕೆ ಅಷ್ಟು ಸಿಹಿ ಎಂದು ನನಗೆ ಇದನ್ನು ಓದಿದ ಮೇಲೆ ಇನ್ನಷ್ಟು ಚೆನ್ನಾಗಿ ಅರ್ಥವಾಯಿತು.

ಹೊಸಬರು ಎಂದರೆ ಈಚೆಗೆ ಬಂದವರು ಎಂದೇನೂ ಅಲ್ಲ. ಮನ್ಸೂರರು ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 1992ರಲ್ಲಿ. ನನ್ನ ಮಟ್ಟಿಗೆ ಅವರು ಈ ಚಳಿಗಾಲದಲ್ಲಿ ಬಂದವರು. ಇದರಲ್ಲಿ ಒಂದು ದೊಡ್ಡ ಲಾಭವಿದೆ. ಇವತ್ತಿನ ಗಾಯಕರಾದರೆ ಮುಂದಿನ ಹಾಡಿಗೆ ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಒಂದು ಇಡೀ ಜೀವಮಾನದ ಹಾಡುಗಾರಿಕೆ ನನಗಾಗಿ ಇಟ್ಟ ಹಾಗಿದೆ. ಖಟ್ ಇದೆ, ಬಿಹಾರಿ ಇದೆ, ಶಿವಮತ್ ಭೈರವ್ ಇದೆ. ಬೇರೆಯವರು ಅಪರೂಪಕ್ಕೆ ಮುಟ್ಟುವ ರಾಗಗಳು ಇವರಿಗೆ ದಿನದ ಮಾತು. ಹಿಂದೂಸ್ತಾನಿ ಬೇಡ ಎನ್ನುವವರಿಗೆ ಅವರು ಹಾಡಿದ ವಚನಗಳೂ ಇವೆ.

ದೇಶವೂ ಅವರನ್ನು ಸಾವಕಾಶವಾಗಿಯೇ ಕಂಡುಕೊಂಡಿತು. ಎಳೆಯ ವಯಸ್ಸಿಗೇ ನಾಟಕ ಕಂಪನಿಯಲ್ಲಿ ಹಾಡಿದವರು, 1930ರ ದಶಕದಲ್ಲೇ ಗ್ರಾಮಫೋನ್ ತಟ್ಟೆ ಕೊಟ್ಟವರು. ಪದ್ಮಶ್ರೀ ಬಂದದ್ದು 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ತೀರಿಕೊಂಡ ವರ್ಷದಲ್ಲಿ. ನಾವು ಇವತ್ತು ಕೇಳುವ ಎಷ್ಟೋ ರೆಕಾರ್ಡಿಂಗ್‌ಗಳು ಅವರ ಇಳಿವಯಸ್ಸಿನವು. ದನಿ ಸ್ವಲ್ಪ ಒಣಗಿದೆ, ತೆಳುವಾಗಿದೆ. ಹುರುಪು ಮಾತ್ರ ಹುಡುಗನದು. ನನಗೆ ಆ ವಯಸ್ಸಾದ ದನಿಯೇ ಜಾಸ್ತಿ ಇಷ್ಟ. ಅಲಂಕಾರಕ್ಕೆಂದು ಅಲ್ಲಿ ಏನೂ ಉಳಿದಿಲ್ಲ, ಬರೀ ರಾಗ ಇದೆ.

ಇನ್ನೊಂದು ಸಂತೋಷ ಎಂದರೆ, ಒಬ್ಬರ ಬೆನ್ನು ಹತ್ತಿ ಹೋದರೆ ಹತ್ತು ಜನ ಸಿಗುತ್ತಾರೆ. ಮನ್ಸೂರರು ಮಿರಜಿನಲ್ಲಿ ನೀಲಕಂಠ ಬುವಾ ಅವರಿಂದ ಗ್ವಾಲಿಯರ್ ಘರಾನೆಯ, ಅಂದರೆ ಆ ಪರಂಪರೆಯ, ಹಾಡುವ ಶೈಲಿ ಕಲಿತರು. ಆಮೇಲೆ ಜೈಪುರ-ಅತ್ರೌಲಿ ಘರಾನೆಯ ಮಂಜಿ ಖಾನ್ ಸಿಕ್ಕರು. ಅವರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿ ಖಾನ್ ಕಲಿಸಿದರು. ಇಬ್ಬರೂ ಆ ಘರಾನೆಯನ್ನು ಕಟ್ಟಿದ ಅಲ್ಲಾದಿಯಾ ಖಾನರ ಮಕ್ಕಳು. ಅದೇ ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್. ಅವರ ಭೈರವಿ ರಾಗದ ಹಾಡು 1977ರಲ್ಲಿ ಅಮೆರಿಕದ ವಾಯೇಜರ್ ನೌಕೆಗಳ ಚಿನ್ನದ ಗ್ರಾಮಫೋನ್ ತಟ್ಟೆಯಲ್ಲಿ ಕೂತು ಬಾಹ್ಯಾಕಾಶಕ್ಕೆ ಹೋಯಿತು, ಈಗಲೂ ಹೋಗುತ್ತಲೇ ಇದೆ. ಇನ್ನೊಬ್ಬ ಶಿಷ್ಯೆ ಮೋಗೂಬಾಯಿ ಕುರ್ಡಿಕರ್. ಅವರ ಮಗಳು ಗಾಯಕಿ ಕಿಶೋರಿ ಅಮೋಣ್ಕರ್. ಈಗ ನನ್ನ ಮುಂದಿನ ಚಳಿಗಾಲಕ್ಕೂ ಕೇಳಲು ಸಾಕಷ್ಟಿದೆ.

ಒಂದು ದನಿ ಮನುಷ್ಯನಿಗೆ ಏನು ಮಾಡಬಲ್ಲದು ಎನ್ನುವುದಕ್ಕೆ ಗದಗಿನ ಹುಡುಗ ಭೀಮಸೇನ ಜೋಶಿಯವರ ಕಥೆಗಿಂತ ಹೆಚ್ಚಿನದು ಬೇಕಿಲ್ಲ. ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ, ಅಂದರೆ ಲಘು ಶೈಲಿಯ ಹಾಡು, ಜೋಶಿಯವರ ಕಿವಿಗೆ ಬಿದ್ದದ್ದು ಗ್ರಾಮಫೋನ್ ತಟ್ಟೆಯಿಂದ. ಆಗಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ ಅಷ್ಟೇ. ಅಷ್ಟು ಸಾಕಾಯಿತು. ತಾನೂ ಹೀಗೆ ಹಾಡಬೇಕು ಎಂದು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಗುರು ಸಿಕ್ಕಿದ್ದು ಮನೆಯಿಂದ ಬಹಳ ದೂರವೇನೂ ಇಲ್ಲದ ಕುಂದಗೋಳದ ಸವಾಯಿ ಗಂಧರ್ವರು. ಅವರು ಅದೇ ಕರೀಂ ಖಾನರ ಶಿಷ್ಯರು! ಈ ಕಥೆ ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ನಾವು ಮನೆ ಬಿಟ್ಟು ಹೋಗಬೇಕಾಗಿಲ್ಲ. ಫೋನಿನಲ್ಲೇ ಎಲ್ಲ ಸಿಗುತ್ತದೆ. ಆದರೂ ನಮ್ಮಲ್ಲಿ ಬಹಳ ಜನ ಕಾಲೇಜು ದಿನಗಳ ಹಾಡುಗಳಲ್ಲೇ ನಿಂತುಬಿಟ್ಟಿದ್ದೇವೆ. ಆ ಹಾಡುಗಳ ಮೇಲಿನ ಪ್ರೀತಿ ಸರಿಯೇ. ಆದರೆ ಐವತ್ತು ದಾಟಿದ ಮೇಲೆ ಹೊಸ ದನಿಯೊಂದಕ್ಕೆ ಮನಸ್ಸು ಕೊಡಲು ಆಗುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಗುತ್ತದೆ. ಇಪ್ಪತ್ತರಲ್ಲಿ ಆದಷ್ಟೇ ಜೋರಾಗಿ ಆಗುತ್ತದೆ. ಆ್ಯಪ್‌ಗಳು ನಾವು ನಿನ್ನೆ ಕೇಳಿದ್ದರ ಹತ್ತಿರದ್ದನ್ನೇ ಇವತ್ತು ತಂದುಕೊಡುತ್ತವೆ. ನಮ್ಮನ್ನು ಬಲ್ಲ ಮನುಷ್ಯರು ಹಾಗಲ್ಲ, ನಾವು ಎಂದೂ ಹುಡುಕದೇ ಇದ್ದದ್ದನ್ನು ಕೈಗಿಡುತ್ತಾರೆ. ನನಗೆ ಆದದ್ದು ಅದೇ. ನಿಮ್ಮ ಮನೆಯ ಮಕ್ಕಳನ್ನೂ ಕೇಳಿ. ಅವರು ಕಿವಿಗೆ ಹಾಕಿಕೊಂಡು ಓಡಾಡುತ್ತಿರುವ ಹಾಡು ಯಾವ ಭಾಷೆಯದೇ ಇರಲಿ, ಒಂದು ಸಲ ಅವರ ಪಕ್ಕ ಕೂತು ಪೂರ್ತಿ ಕೇಳಿ. ಅವರ ಮುಖ ನೋಡಿದರೆ ಸಾಕು, ನಾನು ಹೇಳುತ್ತಿರುವ ಸಂತೋಷ ಯಾವುದು ಎಂದು ತಿಳಿಯುತ್ತದೆ.

ಇದೇ ಕಾರಣಕ್ಕೆ ಮುಂದಿನ ಸಂಚಿಕೆಯಿಂದ ಅರ್ಧ ಪುಟ ನಿಮಗಾಗಿ ಬಿಡುತ್ತಿದ್ದೇವೆ. ನೀವು ಈಚೆಗೆ ಕಂಡುಕೊಂಡ ಒಬ್ಬ ಗಾಯಕರು ಅಥವಾ ವಾದಕರ ಬಗ್ಗೆ ಬರೆಯಿರಿ. ಸುಗಮ ಸಂಗೀತ, ಜಾಝ್, ಯಕ್ಷಗಾನದ ಭಾಗವತರು, ಯಾರಾದರೂ ಸರಿ. ಒಂದೇ ಹೆಸರು, ಒಂದೇ ರೆಕಾರ್ಡಿಂಗ್ ಸಾಕು. ಪ್ರಶಸ್ತಿಗಳ ಪಟ್ಟಿ ಬೇಡ. ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಜಾಗ ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂದು ತಪ್ಪದೆ ತಿಳಿಸಿ. ಮಕ್ಕಳು ಬರೆದರೆ ಅವರ ಬರಹವನ್ನೇ ಮೊದಲು ಹಾಕುತ್ತೇವೆ. ಕನ್ನಡದಲ್ಲಿ ಬರೆಯಲು ಅವರಿಗೆ ಕಷ್ಟವಾದರೆ ಹೇಳಿದ್ದನ್ನು ದೊಡ್ಡವರು ಬರೆದುಕೊಳ್ಳಲಿ.